ಅಜ್ಜ ಕಂಡದ್ದನ್ನು ಉಳಿಸಿಕೊಳ್ಳುವುದು ಹೇಗೆ: ಬರೆಸುವುದೋ, ಧ್ವನಿ ಹಿಡಿಯುವುದೋ, ವಿಡಿಯೋ ಮಾಡುವುದೋ?

ಮುಂಬಯಿಯ ಹಳೆಯ ಕನ್ನಡ ಮನೆಗಳಲ್ಲಿ ಒಬ್ಬರಾದರೂ ಇಂಥವರು ಇರುತ್ತಾರೆ. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಎದುರಿಗೆ ಬಂದರೆ ಸಾಕು, 1946ರ ನೌಕಾ ಬಂಡಾಯವೋ, ಫ್ಲೋರಾ ಫೌಂಟನ್ನಿನ ಗೋಲಿಬಾರೋ, 1971ರ ಯುದ್ಧದ ಬ್ಲ್ಯಾಕ್‌ಔಟೋ ಶುರುವಾಗುತ್ತದೆ. ಮನೆಯವರಿಗೆಲ್ಲ ಅದು ಬಾಯಿಪಾಠ. ಬಾಯಿಪಾಠವಾದ್ದರಿಂದಲೇ ಯಾರೂ ಬರೆದಿಡುವುದಿಲ್ಲ. 1946ರಲ್ಲಿ ಎಂಟು ವರ್ಷದ ಹುಡುಗನಾಗಿದ್ದವರಿಗೆ ಈಗ ತೊಂಬತ್ತು ಹತ್ತಿರವಾಗಿದೆ ಎಂಬುದು ಹೊಳೆಯುವ ಹೊತ್ತಿಗೆ ಅವರು ಮಾತು ಕಡಿಮೆ ಮಾಡಿರುತ್ತಾರೆ.

ಈಗೀಗ ಮೊಮ್ಮಕ್ಕಳು ಎಚ್ಚೆತ್ತು ಕೇಳುತ್ತಿದ್ದಾರೆ: ಅಜ್ಜನ ಕೈಯಲ್ಲಿ ಬರೆಸಬೇಕೆ, ಮೊಬೈಲಿನಲ್ಲಿ ಧ್ವನಿ ಹಿಡಿಯಬೇಕೆ, ಕ್ಯಾಮೆರಾ ಇಡಬೇಕೆ, ಇಲ್ಲವೇ ಸಂಘದಲ್ಲಿ ನಾಲ್ವರು ಹಿರಿಯರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸಬೇಕೆ? ಸಂಘದ ಸ್ಮರಣ ಸಂಚಿಕೆಗಳ ನೆಪದಲ್ಲಿ ಈ ನಾಲ್ಕೂ ದಾರಿಗಳಲ್ಲಿ ನಡೆದು ನೋಡಿದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮನೆಗಳಿಗೆ ಬರಿಯ ಧ್ವನಿಯೇ ಸರಿ. ಬರಹ ಕೆಲವರಿಗೆ ಮಾತ್ರ ಒಗ್ಗುತ್ತದೆ. ವಿಡಿಯೋ ಬೇಕಾಗುವುದು ಅಪರೂಪಕ್ಕೆ. ಗುಂಪಿನ ಮಾತುಕತೆ ಕೊನೆಗೆ ಇರಲಿ, ಮೊದಲು ಬೇಡ.

ಸಾಕ್ಷಿಯಿಂದ ನಮಗೆ ಬೇಕಾದದ್ದು ಏನು?

1944ರ ಏಪ್ರಿಲ್ 14ರಂದು ಸಂಜೆ ನಾಲ್ಕು ದಾಟುತ್ತಿದ್ದಂತೆ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಎಸ್.ಎಸ್. ಫೋರ್ಟ್ ಸ್ಟೈಕಿನ್ ಎಂಬ ಹಡಗು ಸಿಡಿಯಿತು. ಅದರ ಒಡಲಲ್ಲಿ ಹತ್ತಿಯ ಮೂಟೆಗಳು, ಸುಮಾರು 1,400 ಟನ್ ಸ್ಫೋಟಕಗಳು, ಚಿನ್ನದ ಗಟ್ಟಿಗಳು ಎಲ್ಲವೂ ಒಟ್ಟಿಗೆ ಇದ್ದವು. ಅರ್ಧ ಗಂಟೆಯ ಅಂತರದಲ್ಲಿ ಎರಡು ಸ್ಫೋಟಗಳಾದವು. ನೆಲದ ಕಂಪನ ದೂರದ ಸಿಮ್ಲಾದ ಭೂಕಂಪಮಾಪಕದಲ್ಲೂ ದಾಖಲಾಯಿತು. ಅಗ್ನಿಶಾಮಕ ದಳದ 66 ಮಂದಿ ಸತ್ತರು. ಇಂದಿಗೂ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೆ. ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಇದಕ್ಕಾಗಿ ತೊಂಬತ್ತರ ಅಜ್ಜನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಬೇಕಾಗಿಲ್ಲ.

ಆಗ ಮಸ್ಜಿದ್ ಬಂದರಿನ ಕಡೆಯ ಕಚೇರಿಗಳಿಗೆ ಚಹಾ ಒಯ್ಯುತ್ತಿದ್ದ ಹುಡುಗನೊಬ್ಬ ಮುದುಕರಾದ ಮೇಲೆ ಹೇಳಿದ್ದನ್ನು ಕೇಳಿ. ಕಿವಿಗೆ ಸದ್ದು ಬೀಳುವ ಮೊದಲೇ ತಂತಿಯ ಬುಟ್ಟಿಯಲ್ಲಿದ್ದ ಗ್ಲಾಸುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವಂತೆ. ಆಮೇಲೆ ಸದ್ದು. ಆಮೇಲೆ ಆಕಾಶದಿಂದ ಉರಿಯುವ ಹತ್ತಿ. ಹೋಟೆಲಿಗೆ ಓಡಿ ಬಂದರೆ ಗಲ್ಲೆಗೆ ಬೀಗ ಹಾಕುತ್ತಿದ್ದ ಧಣಿ ತಲೆ ಎತ್ತಿ ಕೇಳಿದ್ದು, "ಗ್ಲಾಸು ಎಷ್ಟು ವಾಪಸು ತಂದೆ?" ಎಂದು. ಜಪಾನಿನವರು ಬಾಂಬು ಹಾಕಿದರೆಂದೇ ಅವರೆಲ್ಲ ನಂಬಿದ್ದರು, ಬಹಳ ದಿನ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಯುದ್ಧಕಾಲದ ಸೆನ್ಸಾರಿನಿಂದಾಗಿ ವರದಿಗಾರರಿಗೆ ಈ ಸುದ್ದಿ ಕಳುಹಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮಾತ್ರ ಮರುದಿನವೇ ವಿವರವಾಗಿ ಹೇಳಿಬಿಟ್ಟಿತ್ತು. ಹಾಗಾಗಿ ಆ ಕೆಲವು ವಾರ ನಗರದ ಬೀದಿಗಳಲ್ಲಿ ಜನ ಏನೆಂದುಕೊಂಡಿದ್ದರು ಎಂಬುದಕ್ಕೆ ಪತ್ರಿಕೆಯ ಕಡತಕ್ಕಿಂತ ಜನರ ಬಾಯಿಯೇ ಹತ್ತಿರದ ಆಧಾರ.

ತಾರೀಖನ್ನು ಪತ್ರಿಕೆಯಿಂದ ತೆಗೆದುಕೊಳ್ಳಬಹುದು. ಗ್ಲಾಸಿನ ಕಿಣಿಕಿಣಿ, ಧಣಿಯ ಪ್ರಶ್ನೆ ಸಾಕ್ಷಿಯಿಂದಲೇ ಬರಬೇಕು. ಅವು ಯಾವ ದಾರಿಯಲ್ಲಿ ಸೋರಿಹೋಗದೆ ನಮ್ಮ ಕೈಗೆ ಬರುತ್ತವೆ ಎಂಬುದೊಂದೇ ಇಲ್ಲಿ ನನ್ನ ಅಳತೆಗೋಲು.

ಬರಹ: ಯಾರಿಗೆ ಸರಿ, ಯಾರಿಗೆ ಅಲ್ಲ

ಶಿಕ್ಷಕರು, ಬ್ಯಾಂಕಿನವರು, ರೈಲ್ವೆಯ ಗುಮಾಸ್ತರು, ದಿನಚರಿ ಬರೆಯುವ ರೂಢಿ ಇದ್ದವರು: ಇವರ ಮುಂದೆ ನೋಟುಪುಸ್ತಕ ಇಡಬಹುದು. ಒಂಟಿಯಾಗಿ ಕುಳಿತು ಬರೆಯುವಾಗ ನೆನಪು ತನ್ನದೇ ಕ್ರಮದಲ್ಲಿ ಬರುತ್ತದೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮಕ್ಕಳ ಎದುರು ಹೇಳಲಾಗದ್ದನ್ನು ಕೆಲವರು ಕಾಗದಕ್ಕೆ ಹೇಳುತ್ತಾರೆ. ಕಿವಿ ಮಂದವಾದವರಿಗಂತೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ನಮ್ಮ ಮುಂಬಯಿ ಕನ್ನಡಿಗರಿಗೆ ಒಂದು ವಿಶೇಷ ಕಾಯಿಲೆ ಇದೆ, ಅಭಿನಂದನ ಗ್ರಂಥದ ಭಾಷೆ. ಪೆನ್ನು ಹಿಡಿದ ತಕ್ಷಣ ನಾವು ವೇದಿಕೆ ಹತ್ತುತ್ತೇವೆ. ಜಗಲಿಯಲ್ಲಿ ಕುಳಿತು ಗ್ಲಾಸಿನ ಕಥೆಯನ್ನು ಅಷ್ಟು ಚೆನ್ನಾಗಿ ಹೇಳಿದ ಅದೇ ಹಿರಿಯರಿಗೆ ಬರೆದುಕೊಡಿ ಎಂದು ಕೇಳಿದಾಗ ಬಂದ ಮೊದಲ ಸಾಲು, "ಆ ಕರಾಳ ದಿನದಂದು ಮುಂಬಾಪುರಿಯೇ ಬೆಚ್ಚಿಬಿದ್ದಿತು." ಎರಡನೆಯ ಪುಟದಲ್ಲಿ ಧಣಿಯ ಔದಾರ್ಯದ ಸ್ಮರಣೆ, ಮೂರನೆಯ ಪುಟದಲ್ಲಿ ಜಾತಿ ಸಂಘದ ಪದಾಧಿಕಾರಿಗಳಿಗೆ ಕೃತಜ್ಞತೆ. ಗ್ಲಾಸು ಎಲ್ಲೂ ಇಲ್ಲ. ಕೇಳಿದರೆ, "ಅದೆಲ್ಲ ಬರೆಯುವಂಥದ್ದೇ?" ಎಂದರು.

ಬರೆಸಲೇಬೇಕಾದರೆ ಲೇಖನ ಎಂಬ ಮಾತನ್ನೇ ಎತ್ತಬೇಡಿ. ಊರಿನಲ್ಲಿರುವ ತಂಗಿಗೋ ವಿದೇಶದಲ್ಲಿರುವ ಮೊಮ್ಮಗಳಿಗೋ ಕಾಗದ ಬರೆಯುವಂತೆ ಬರೆಯಿರಿ ಎನ್ನಿ. ದಿನಕ್ಕೆ ಒಂದೇ ಪುಟ ಸಾಕು. ಕಾಗುಣಿತ ತಿದ್ದುವ ಮನೆಮಂದಿಯನ್ನು ದೂರ ಇಡಿ. ಅಜ್ಜ ಹೇಳುತ್ತಾ ಹೋಗುವುದು, ಸೊಸೆ ಬರೆದುಕೊಳ್ಳುವುದು ಎಂಬ ಪದ್ಧತಿಯೂ ಇದೆ. ಸೊಸೆಯ ಕನ್ನಡ ಚೆನ್ನಾಗಿದ್ದಷ್ಟೂ ಅಜ್ಜನ ಮಾತು ಮರೆಯಾಗುತ್ತದೆ, ಅಷ್ಟರ ಮಟ್ಟಿಗೆ ಅದು ಅಪಾಯದ ಪದ್ಧತಿ.

ಬರಹದಲ್ಲಿ ಇನ್ನೊಂದು ಬಗೆಯಿದೆ, ಅದಕ್ಕೆ ಸಾಟಿ ಯಾವುದೂ ಇಲ್ಲ: ಆ ದಿನಗಳಲ್ಲೇ ಬರೆದದ್ದು. ಊರಿಗೆ ಹಾಕಿದ ಪೋಸ್ಟ್‌ಕಾರ್ಡು, ಇನ್‌ಲ್ಯಾಂಡ್ ಪತ್ರ, ಹೋಟೆಲಿನ ಲೆಕ್ಕದ ಪುಸ್ತಕದ ಅಂಚಿನಲ್ಲಿ ಗೀಚಿದ ಎರಡು ಸಾಲು. ಇವುಗಳ ಬೆಲೆ ಏನೆಂದು ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಚೆನ್ನಾಗಿ ತೋರಿಸಿದೆ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಬೆಳಿಗ್ಗೆ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ? ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. 11 ಮಂದಿಯ ಉತ್ತರ ಪೂರ್ತಿ ಬೇರೆಯಾಗಿತ್ತು, ಆದರೂ ಹೇಳುವ ಧಾಟಿಯಲ್ಲಿ ಅನುಮಾನವೇ ಇರಲಿಲ್ಲ. ಅವರದೇ ಕೈಬರಹ ತೋರಿಸಿದಾಗಲೂ ಹಳೆಯ ನೆನಪು ಮರಳಲಿಲ್ಲ. ಇಪ್ಪತ್ತರ ಹುಡುಗರ ಕಥೆಯೇ ಹೀಗಿರುವಾಗ ಎಂಬತ್ತು ವರ್ಷ ಹಿಂದಿನ ತಾರೀಖು ತಪ್ಪಿದರೆ ಅಜ್ಜನನ್ನು ಸುಳ್ಳುಗಾರ ಎನ್ನುವಂತಿಲ್ಲ.

ಹಳೆಯ ಪತ್ರ ಸಿಕ್ಕಿದರೆ ಜೋಪಾನ ಮಾಡಿ, ಫೋಟೋ ತೆಗೆದಿಡಿ. ಆದರೆ ಮಾತನಾಡಿಸುವ ಮೊದಲು ಅಜ್ಜನಿಗೆ ಅದನ್ನು ಓದಿ ಹೇಳಬೇಡಿ. ಓದಿದಿರೋ, ಪತ್ರವೇ ಅವರ ನೆನಪಾಗಿ ಕೂತುಬಿಡುತ್ತದೆ. ಆಮೇಲೆ ನಿಮಗೆ ಸಿಗುವುದು ಪತ್ರದ ನಕಲು. ಮೊದಲು ಮಾತು, ಆಮೇಲೆ ಪತ್ರ, ಮತ್ತೆ ಮಾತು.

ಧ್ವನಿ: ನನ್ನ ಮೊದಲ ಆಯ್ಕೆ

ಕಾರಣ ಸರಳ. ಮೊಬೈಲನ್ನು ಮಡಚಿದ ಟವೆಲಿನ ಮೇಲೆ ಮಲಗಿಸಿ ಇಟ್ಟರೆ ಹತ್ತು ನಿಮಿಷದಲ್ಲಿ ಎಲ್ಲರೂ ಅದನ್ನು ಮರೆಯುತ್ತಾರೆ. ಮರೆತ ಮೇಲೆ ಬರುವ ಮಾತೇ ಬೇಕಾದದ್ದು.

ನಮ್ಮವರ ಮಾತು ಒಂದೇ ಭಾಷೆಯಲ್ಲಿ ನಿಲ್ಲುವುದೂ ಇಲ್ಲ. ಮನೆಯ ವಿಷಯ ತುಳುವಿನಲ್ಲಿ, ಕಚೇರಿಯ ವಿಷಯ ಕನ್ನಡದಲ್ಲಿ, ಬೀದಿಯ ವಿಷಯ ಮರಾಠಿಯಲ್ಲಿ, ಪೊಲೀಸರ ವಿಷಯ ಹಿಂದಿಯಲ್ಲಿ. 1955ರ ನವೆಂಬರಿನಲ್ಲಿ ಫ್ಲೋರಾ ಫೌಂಟನ್ ಬಳಿ ಗೋಲಿಬಾರು ನಡೆದ ದಿನಗಳನ್ನು ನೆನೆಯುವ ಹಿರಿಯರು ಕನ್ನಡದಲ್ಲೇ ಹೇಳುತ್ತಾ ಬರುತ್ತಾರೆ. ಮೆರವಣಿಗೆ ಬಂತು ಎನ್ನುವ ಹೊತ್ತಿಗೆ ದನಿ ಏರಿ, "ಮುಂಬಯಿಸಹ ಸಂಯುಕ್ತ ಮಹಾರಾಷ್ಟ್ರ ಝಾಲಾಚ್ ಪಾಹಿಜೇ" (ಮುಂಬಯಿ ಸೇರಿದ ಸಂಯುಕ್ತ ಮಹಾರಾಷ್ಟ್ರ ಆಗಲೇಬೇಕು) ಎಂದು ಅದೇ ಲಯದಲ್ಲಿ ಕೂಗಿ ತೋರಿಸುತ್ತಾರೆ. ಕನ್ನಡಿಗನಾಗಿ ಆ ಘೋಷಣೆ ಕೇಳಿದಾಗ ಒಳಗೆ ಏನಾಯಿತು ಎಂಬುದು ಕೂಗು ಮುಗಿದ ಮೇಲಿನ ಚಿಕ್ಕ ನಗುವಿನಲ್ಲಿದೆ. ಬರಹದಲ್ಲಿ ಆ ನಗು ಇರುವುದಿಲ್ಲ. ಶುದ್ಧ ಕನ್ನಡದಲ್ಲಿ ಹೇಳಿ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ.

ಪ್ರಶ್ನೆಗಳ ಬಗ್ಗೆ ಎರಡು ಮಾತು. "ನಿಮಗೆ ಭಯವಾಯಿತೇ?" ಎಂದು ಕೇಳಿದರೆ "ಆಗದೆ ಇರುತ್ತದೆಯೇ" ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. "ಆಗ ನಿಮ್ಮ ಕೈಯಲ್ಲಿ ಏನಿತ್ತು? ಅಂಗಡಿಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು? ರಾತ್ರಿ ಎಲ್ಲಿ ಮಲಗಿದಿರಿ?" ಎಂದು ಕೇಳಿ. ನೌಕಾ ಬಂಡಾಯ 1946ರ ಫೆಬ್ರವರಿ 18ರಂದು ತಲ್ವಾರ್ ಎಂಬ ತರಬೇತಿ ನೆಲೆಯಲ್ಲಿ ಶುರುವಾದದ್ದೇ ಕೆಟ್ಟ ಊಟದ ಮೇಲಿನ ಸಿಟ್ಟಿನಿಂದ. ಗೇಟ್‌ವೇ ಕಡೆಗೆ ಜನ ನಾವಿಕರಿಗೆಂದು ಊಟ ತಂದುಕೊಟ್ಟದ್ದು ದಾಖಲಾಗಿದೆ. 22ರ ಹರತಾಳದ ದಿನ ಹೋಟೆಲಿನ ಶಟರ್ ಎಳೆದು ಒಳಗೆ ಎಷ್ಟು ಅಕ್ಕಿ ಬೇಯಿಸಿದರು, ಯಾರಿಗೆ ಕೊಟ್ಟರು, ದುಡ್ಡು ತೆಗೆದುಕೊಂಡರೇ? ಉಡುಪಿ ಹೋಟೆಲಿನವರನ್ನು ಬಿಟ್ಟು ಇದನ್ನು ಬೇರೆ ಯಾರನ್ನು ಕೇಳುತ್ತೀರಿ!

ತಪ್ಪಿದ ತಾರೀಖನ್ನು ಮಾತಿನ ನಡುವೆ ತಿದ್ದಬಾರದು, ಏಕೆಂದರೆ ಕೆಲವೊಮ್ಮೆ ತಪ್ಪೇ ಏನನ್ನೋ ಹೇಳುತ್ತಿರುತ್ತದೆ. ಇಟಲಿಯ ತೆರ್ನಿ ಎಂಬ ಉಕ್ಕಿನ ಊರಿನಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಇಪ್ಪತ್ತೊಂದರ ಕಾರ್ಮಿಕ ಪೊಲೀಸರ ಗುಂಡಿಗೆ ಸತ್ತದ್ದು 1949ರ ಮಾರ್ಚ್ 17ರಂದು, ನೇಟೋ ಒಕ್ಕೂಟಕ್ಕೆ ಇಟಲಿ ಸೇರುವುದನ್ನು ವಿರೋಧಿಸಿ ಕಾರ್ಮಿಕರು ಹೊರಬಂದಾಗ. ದಶಕಗಳ ನಂತರ ಇತಿಹಾಸಕಾರ ಅಲೆಸ್ಸಾಂದ್ರೊ ಪೊರ್ತೆಲ್ಲಿ ಟೇಪ್ ರೆಕಾರ್ಡರ್ ಹಿಡಿದು ಆ ಊರಿನ ಹಿರಿಯರನ್ನು ಕೇಳಿದರೆ ಹಲವರು ಆ ಸಾವನ್ನು 1953ರ ಸಾಮೂಹಿಕ ವಜಾದ ಗಲಭೆಗಳಿಗೆ ತಂದು ಸೇರಿಸಿದ್ದರು. ಕೆಲಸ ಕಳೆದುಕೊಂಡದ್ದೇ ಅವರ ಬದುಕಿನ ದೊಡ್ಡ ಪೆಟ್ಟು. ಹುತಾತ್ಮನೂ ಅಲ್ಲಿಗೇ ಸೇರಬೇಕು ಎಂದು ನೆನಪು ತೀರ್ಮಾನಿಸಿತ್ತು. 1982ರ ಜನವರಿ 18ರಂದು ಶುರುವಾಗಿ ಅಧಿಕೃತವಾಗಿ ಎಂದೂ ಮುಗಿಯದ ನಮ್ಮ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ಬಗ್ಗೆ ಪರೇಲ್, ಲಾಲ್‌ಬಾಗ್ ಚಾಳುಗಳಲ್ಲಿ ವಿಚಾರಿಸಿದರೆ ಇಂಥದ್ದು ಎಷ್ಟೋ ಸಿಗುತ್ತದೆ. ಕೆಲಸ ಹೋದ ವರ್ಷ ಒಬ್ಬೊಬ್ಬರ ಬಾಯಲ್ಲಿ ಒಂದೊಂದು, ಗಿರಣಿ ಮಾತ್ರ ಒಂದೇ. ಮಗಳ ಮದುವೆ ಮುರಿದ ವರ್ಷವನ್ನೇ ಒಬ್ಬರು ಮುಷ್ಕರದ ವರ್ಷ ಎನ್ನುತ್ತಾರೆ. ಟೇಪಿನಲ್ಲಿ ಹಾಗೆಯೇ ಇರಲಿ. ಸರಿಯಾದ ತಾರೀಖನ್ನು ಅಡಿಟಿಪ್ಪಣಿಯಲ್ಲಿ ನೀವು ಹಾಕಿ.

ತಾಂತ್ರಿಕ ವಿಷಯ ಬೇಗ ಮುಗಿಸುತ್ತೇನೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ಬಂಡಾಯ ಬಿಸಿಯೇರುವ ಹೊತ್ತಿಗೇ ಸಾಲ ಬೇಕೇ ಎಂದು ಕೇಳುವ ಕರೆ ಬರುತ್ತದೆ. ಫ್ಯಾನ್ ಆರಿಸಿ. ಅಡುಗೆಮನೆಯ ಕುಕ್ಕರ್ ಇಳಿದ ಮೇಲೆ ಕುಳಿತುಕೊಳ್ಳಿ. ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕು ಸಿಕ್ಕರೆ ಬಹಳ ಒಳ್ಳೆಯದು, ಲೋಕಲ್ ಹಳಿಯ ಪಕ್ಕದ ಕಟ್ಟಡವಾದರೆ ಬೇಕೇ ಬೇಕು. ಧ್ವನಿಯನ್ನು ಹಿಂಡದೆ ಇಡುವ ವೇವ್ (WAV) ಕಡತದಲ್ಲಿ ಮುದ್ರಿಸಿದರೆ ಒಂದೇ ಚಾನೆಲ್ಲಿನಲ್ಲಿ ಗಂಟೆಗೆ ಸುಮಾರು 300 ಎಂಬಿ ಆಗುತ್ತದೆ, ಈಗಿನ ಫೋನಿಗೆ ಅದೇನೂ ಭಾರವಲ್ಲ. ವಾಟ್ಸಾಪ್ ಧ್ವನಿ ಸಂದೇಶವಾಗಿ ಮುದ್ರಿಸಿದರೆ ಧ್ವನಿ ಹಿಂಡಿಹೋಗುತ್ತದೆ. ದೂರದಲ್ಲಿರುವ ದೊಡ್ಡಪ್ಪನಿಂದ ತುಣುಕು ತುಣುಕಾಗಿ ತರಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಅದೂ ಆದೀತು. ಒಂದು ಬಾರಿಗೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ.

ಧ್ವನಿಯ ನಿಜವಾದ ಖರ್ಚು ಆಮೇಲೆ ಬರುತ್ತದೆ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ತುಳು ಮರಾಠಿ ಬೆರೆತರೆ ಇನ್ನೂ ಹೆಚ್ಚು. ಹಾಗೆಂದು ರೆಕಾರ್ಡ್ ಮಾಡುವುದನ್ನು ಮುಂದೂಡಬೇಡಿ. ಅಕ್ಷರಕ್ಕೆ ಇಳಿಸುವ ಕೆಲಸ ಹತ್ತು ವರ್ಷ ಕಾಯಬಲ್ಲದು, ಅಜ್ಜ ಕಾಯಲಾರರು. ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂಬ ಅರ್ಧ ಪುಟದ ಟಿಪ್ಪಣಿಯನ್ನು ಮಾತ್ರ ಅಂದೇ ಬರೆದಿಡಿ.

ವಿಡಿಯೋ: ಯಾವಾಗ?

ಕ್ಯಾಮೆರಾ ಎಂದರೆ ಇಸ್ತ್ರಿ ಮಾಡಿದ ಅಂಗಿ, ಗೋಡೆಯ ದೇವರ ಪಟಕ್ಕೆ ಹೊಸ ಹಾರ, ಸೋಫಾದ ಎರಡೂ ಬದಿಗೆ ಸೊಸೆಯಂದಿರು, ಮಧ್ಯೆ ಭಾಷಣ ಮಾಡುವ ಅಜ್ಜ. ಮದುವೆ ಮನೆಯ ವಿಡಿಯೋದವನನ್ನು ಕರೆಸಿದರಂತೂ ಕೇಳುವುದೇ ಬೇಡ.

ಕೈ ಮಾತನಾಡುವಲ್ಲಿ ವಿಡಿಯೋ ಬೇಕು. ಮಗ್ಗದಲ್ಲಿ ತುಂಡಾದ ನೂಲನ್ನು ಗಿರಣಿಯವರು ಎರಡೇ ಬೆರಳಲ್ಲಿ ಗಂಟು ಹಾಕುತ್ತಿದ್ದ ರೀತಿ, ಬ್ಲ್ಯಾಕ್‌ಔಟಿನಲ್ಲಿ ಕಿಟಕಿಗೆ ಕಂದು ಕಾಗದ ಅಂಟಿಸಿದ ರೀತಿ, ಇಂಥವನ್ನು ತೋರಿಸಲು ಹೇಳಿ, ಐದು ನಿಮಿಷ ಹಿಡಿಯಿರಿ. ಮುಖವೇ ಸಾಕ್ಷ್ಯವಾಗುವ ಸಂದರ್ಭಗಳೂ ಇವೆ. ಯೂದಿಗಳ ನರಮೇಧದಿಂದ ಪಾರಾದವರ ಐವತ್ತು ಸಾವಿರಕ್ಕೂ ಹೆಚ್ಚು ವಿಡಿಯೋ ಸಾಕ್ಷ್ಯಗಳನ್ನು 1994ರಲ್ಲಿ ಶುರುವಾದ ಶೋಆ ಫೌಂಡೇಶನ್ ಸಂಗ್ರಹಿಸಿತು. ಅದಕ್ಕೂ ಮೊದಲು ಯೇಲ್ ವಿಶ್ವವಿದ್ಯಾಲಯದಲ್ಲಿ ಅದೇ ಕೆಲಸಕ್ಕೆ ಕೈಹಾಕಿದ್ದ ಮನೋವೈದ್ಯ ಡೋರಿ ಲೌಬ್ ಮುಂದಿಟ್ಟ ಪ್ರಸಂಗವೊಂದು ಈ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ. 1944ರ ಅಕ್ಟೋಬರಿನಲ್ಲಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ನ ಕೈದಿಗಳು ದಂಗೆ ಎದ್ದುದನ್ನು ಕಂಡ ಮಹಿಳೆಯೊಬ್ಬರು ಹೆಣ ಸುಡುವ ಕುಲುಮೆಗಳ ನಾಲ್ಕು ಚಿಮಣಿಗಳು ಸ್ಫೋಟಗೊಂಡವು ಎಂದರು. ಸಿಡಿದದ್ದು ಒಂದೇ, ಈ ಸಾಕ್ಷ್ಯವನ್ನು ನಂಬಲಾಗದು ಎಂದು ಇತಿಹಾಸಕಾರರು ವಾದಿಸಿದರು. ಅಂಥ ಜಾಗದಲ್ಲಿ ಪ್ರತಿರೋಧ ಸಾಧ್ಯವಾಯಿತು ಎಂಬ ಊಹೆಗೂ ನಿಲುಕದ ಸಂಗತಿಗೆ ಆಕೆ ಸಾಕ್ಷಿ, ಚಿಮಣಿಗಳ ಲೆಕ್ಕಕ್ಕಲ್ಲ ಎಂದು ಲೌಬ್ ಹೇಳಿದರು. ನನ್ನ ಮಟ್ಟಿಗೆ ಇಬ್ಬರೂ ಸರಿ. ಚಿಮಣಿಯ ಎಣಿಕೆ ಬೇಕಾದವರು ಬೇರೆ ಕಡೆ ನೋಡಬೇಕು, ಅಷ್ಟೇ.

ನಾಲ್ವರನ್ನು ಒಟ್ಟಿಗೆ ಕೂರಿಸಿದರೆ

ಸಂಘದ ಸಭಾಂಗಣದಲ್ಲಿ ಮಾತುಕತೆ ಏರ್ಪಡಿಸುವುದು ಸುಲಭ, ಉಪ್ಪಿಟ್ಟು ಚಹಾದ ಜೊತೆಗೆ ಒಂದು ಮಧ್ಯಾಹ್ನ ಚೆನ್ನಾಗಿ ಕಳೆಯುತ್ತದೆ. ಒಬ್ಬರು ಮರೆತ ಹೆಸರನ್ನು ಇನ್ನೊಬ್ಬರು ಕೊಡುತ್ತಾರೆ, ಅದು ಲಾಭ. ನಷ್ಟವೆಂದರೆ, ದೊಡ್ಡ ದನಿಯವರು ಹೇಳಿದ್ದೇ ಅರ್ಧ ಗಂಟೆಯಲ್ಲಿ ಎಲ್ಲರ ನೆನಪಾಗುತ್ತದೆ. ಹೆಂಗಸರು ಬಾಯಿ ಬಿಡುವುದೇ ಇಲ್ಲ. ಗೋಲಿಬಾರಿನ ದಿನ ಗಂಡ ಮನೆಗೆ ಬರುವ ತನಕ ಚಾಳಿನ ಗ್ಯಾಲರಿಯಲ್ಲಿ ನಿಂತಿದ್ದವರು ಅವರು. ಅವರನ್ನು ಬೇರೆಯಾಗಿ, ಸಾಧ್ಯವಾದರೆ ಹೆಣ್ಣುಮಕ್ಕಳೇ ಹೋಗಿ ಮಾತನಾಡಿಸಬೇಕು.

ಒಂದೇ ನಗರ, ಒಂದೇ ದಿನ ಎಂದ ಮಾತ್ರಕ್ಕೆ ಒಂದೇ ನೆನಪು ಇರಬೇಕಾಗಿಲ್ಲ ಎಂಬುದಕ್ಕೆ 2005ರ ಜುಲೈ 26ಕ್ಕಿಂತ ಒಳ್ಳೆಯ ಉದಾಹರಣೆ ಮುಂಬಯಿಯಲ್ಲಿಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿ.ಮೀ. ಮಳೆ. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿ.ಮೀ. ಕುರ್ಲಾದಲ್ಲಿ ಎದೆಮಟ್ಟದ ನೀರಿನಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ನಡೆದವರನ್ನೂ, "ಎಂದಿನ ಮಳೆ, ರೈಲು ಮಾತ್ರ ಇರಲಿಲ್ಲ" ಎನ್ನುವ ಫೋರ್ಟಿನ ಗುಮಾಸ್ತರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ನೋಡಿ. ಹದಿನೈದು ನಿಮಿಷದಲ್ಲಿ ಗುಮಾಸ್ತರ ಮೊಣಕಾಲಿಗೂ ನೀರು ಬಂದಿರುತ್ತದೆ. ಅದಕ್ಕೇ ಮೊದಲು ಒಬ್ಬೊಬ್ಬರನ್ನಾಗಿ, ಆಮೇಲೆ ಬೇಕಾದರೆ ಗುಂಪು.

ಹೇಳಿದ್ದನ್ನು ಸರಿನೋಡುವುದು

ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪುವುದಿಲ್ಲ. ಮುಂಬಯಿಗೆ ಸಂಬಂಧಿಸಿದಂತೆ ಕೆಲವು ಗೂಟಗಳು ಗಟ್ಟಿಯಾಗಿವೆ. ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. 1965ರ ಯುದ್ಧದ ದಿನ ಟ್ರಾಮಿನಲ್ಲಿ ಬರುತ್ತಿದ್ದೆ ಎಂದರೆ ಎರಡು ನೆನಪು ಬೆರೆತಿವೆ ಎಂದರ್ಥ. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಬಾಂಗ್ಲಾ ಯುದ್ಧವನ್ನು ಇಲ್ಲಿ ಯಾರೂ ಟಿವಿಯಲ್ಲಿ ನೋಡಿರಲಾರರು.

ಆದರೆ ಈ ಗೂಟಗಳನ್ನು ಹಿಡಿದು ಆತುರಪಡುವುದೂ ಬೇಡ. ಮಾಟುಂಗಾದ ಹಿರಿಯರೊಬ್ಬರು, "1969ರಲ್ಲಿ ಚಂದ್ರನ ಮೇಲೆ ಇಳಿದ ಆರ್ಮ್‌ಸ್ಟ್ರಾಂಗನನ್ನು ನೋಡಿದ್ದೇನೆ" ಎನ್ನುತ್ತಿದ್ದರು. ಮೊಮ್ಮಗ ನಕ್ಕ. ಆಗ ಇಲ್ಲಿ ಟಿವಿಯೇ ಇರಲಿಲ್ಲ, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮಲ್ಲಿ ಜುಲೈ 21ರ ಬೆಳಿಗ್ಗೆ ಎಂಟೂವರೆಯ ಹೊತ್ತು, ಜನ ರೇಡಿಯೋ ಕೇಳಿರಬಹುದಷ್ಟೆ ಎಂಬುದು ಅವನ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಅಜ್ಜನಿಗೆ "ಎಲ್ಲಿ ನಿಂತು ನೋಡಿದಿರಿ?" ಎಂದು ಯಾರೂ ಕೇಳಿರಲಿಲ್ಲ. ಕೇಳಿದಾಗ ಬಂದ ಉತ್ತರ: "ರಸ್ತೆಯಲ್ಲಿ. ಜನಜಂಗುಳಿ. ಮೂವರೂ ಕೈ ಬೀಸುತ್ತಿದ್ದರು. ನನ್ನ ಚಪ್ಪಲಿ ಕಳೆದುಹೋಯಿತು." ಅಪೊಲೊ 11ರ ಮೂವರು ಗಗನಯಾನಿಗಳು ಆ ವರ್ಷ ಲೋಕ ಸುತ್ತಲು ಹೊರಟು ಅಕ್ಟೋಬರಿನಲ್ಲಿ ಮುಂಬಯಿಗೂ ಬಂದಿದ್ದರು. ಅಜ್ಜ ನೋಡಿದ್ದು ಮನುಷ್ಯನನ್ನು, ಟಿವಿಯನ್ನಲ್ಲ.

"ಎಲ್ಲಿ ನಿಂತು ನೋಡಿದಿರಿ?" ಎಂಬ ಈ ಒಂದು ಪ್ರಶ್ನೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡುತ್ತದೆ. ಡಾಕ್ ಸ್ಫೋಟದ ದಿನ ಚಿನ್ನ ಮಳೆಯಾಗಿ ಸುರಿಯಿತು ಎಂದು ಎಲ್ಲರೂ ಹೇಳುತ್ತಾರೆ. ಚಿನ್ನದ ಗಟ್ಟಿಯೊಂದು ಸುಮಾರು ಒಂದು ಮೈಲು ಹಾರಿ ಮನೆಯೊಂದರ ಛಾವಣಿ ತೂರಿ ಬಿದ್ದದ್ದು ನಿಜ. ಹೇಳುವವರೆಲ್ಲ ಅದನ್ನು ಕಂಡವರಲ್ಲ.

ಪುಣೆ, ಗೋವಾ, ಕುವೈತ್

ಪುಣೆಯ ಕನ್ನಡಿಗರಿಗೆ 1961ರ ಜುಲೈ 12 ಎಂದರೆ ಸಾಕು. ಬೆಳಿಗ್ಗೆ ಪಾನಶೇತ್ ಅಣೆಕಟ್ಟು ಒಡೆಯಿತು, ಆ ನೀರಿನ ರಭಸಕ್ಕೆ ಖಡಕ್‌ವಾಸ್ಲಾವೂ ಹೋಯಿತು, ನದಿಯಂಚಿನ ಪೇಟೆಗಳು ಮುಳುಗಿದವು. ಇಂಥ ನೆನಪಿಗೆ ಕುರ್ಚಿಗಿಂತ ಬೀದಿ ಒಳ್ಳೆಯದು. ನಡೆಯಬಲ್ಲ ಹಿರಿಯರಾದರೆ ಕಾಲರಿಗೆ ಮೈಕು ಸಿಕ್ಕಿಸಿ ನಾರಾಯಣ ಪೇಟೆ, ಶನಿವಾರ ಪೇಟೆಯಲ್ಲಿ ನಿಧಾನವಾಗಿ ಸುತ್ತಿಸಿ. "ಇಲ್ಲಿ ಮೆಟ್ಟಿಲಿತ್ತು, ಇಷ್ಟು ಎತ್ತರಕ್ಕೆ ಕೆಸರು" ಎಂದು ಅವರು ಗೋಡೆ ಮುಟ್ಟಿ ಹೇಳುವಾಗ ಒಂದು ಫೋಟೋ ತೆಗೆದುಕೊಳ್ಳಿ. ನೀರು ಎಲ್ಲಿಯವರೆಗೆ ಬಂತು ಎಂಬ ಪ್ರಶ್ನೆಗೆ ಮನೆಯಲ್ಲಿ ಕುಳಿತು ಕೊಡುವ ಉತ್ತರ ವರ್ಷ ಕಳೆದಂತೆ ಒಂದೊಂದು ಅಂಗುಲ ಏರುತ್ತದೆ.

ಗೋವಾದಲ್ಲಿ ಇನ್ನೂ ಹುಷಾರಾಗಿರಬೇಕು. ವಾಸ್ಕೊ ಸುತ್ತಿನ ಕನ್ನಡಿಗರಲ್ಲಿ ಹೆಚ್ಚಿನವರು ಬಂದರು, ಗಣಿ, ಕಟ್ಟಡದ ಕೆಲಸಕ್ಕೆ ಬಂದದ್ದು 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದ ಮೇಲೆ. ಅವರು ಹೇಳುವ ವಿಮೋಚನೆಯ ಕಥೆ ಬಹುಪಾಲು ಕೇಳಿದ ಕಥೆ. ಅದನ್ನು ಬಿಡಬೇಕೆಂದಿಲ್ಲ, ಯಾರಿಂದ ಕೇಳಿದ್ದು ಎಂದು ಸೇರಿಸಿ ಬರೆದುಕೊಳ್ಳಿ. ಅದಕ್ಕಿಂತ ಕ್ಯಾಸಲ್‌ರಾಕ್ ಕಡೆಯ ಹಿರಿಯರನ್ನು ಹುಡುಕಿ. 1955ರಲ್ಲಿ ಗಡಿ ದಾಟುವ ರೈಲು ನಿಂತುಹೋದಾಗ ಆ ನಿಲ್ದಾಣವನ್ನೇ ನಂಬಿದ್ದ ಹಮಾಲರು, ಚಹಾದವರು ಏನು ಮಾಡಿದರು ಎಂಬುದು ಸತ್ಯಾಗ್ರಹದ ಭಾಷಣಗಳಲ್ಲಿ ಸಿಗುವುದಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿದಾಗ ಅಲ್ಲಿದ್ದ ನಮ್ಮ ಕರಾವಳಿಯವರು ಮರುಭೂಮಿ ದಾಟಿ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಬಂದರು. ಇವರಿಗೆ ಈಗ ಅರುವತ್ತು ಎಪ್ಪತ್ತು, ಅಂದರೆ ಮಾತಿಗೆ ಹದವಾದ ವಯಸ್ಸು. ಪಾಸ್‌ಪೋರ್ಟಿನ ಮುದ್ರೆಗಳು ಕೈಯಲ್ಲಿರುವುದರಿಂದ ತಾರೀಖಿನ ಜಗಳವೂ ಇಲ್ಲ. ಯಾರನ್ನು ಮೊದಲು ಮಾತನಾಡಿಸಲಿ ಎಂದು ಕೇಳುವ ತರುಣರಿಗೆ ನಾನು ಇವರನ್ನು ತೋರಿಸುತ್ತೇನೆ. ತೊಂಬತ್ತು ದಾಟಿದವರಿದ್ದರೆ ಮಾತ್ರ ಈ ಸಾಲು ಬಿಟ್ಟು ನೇರ ಅವರ ಬಳಿಗೆ ಹೋಗಬೇಕು.

ಹಂಚುವ ಮೊದಲು

1992ರ ಡಿಸೆಂಬರ್, 1993ರ ಜನವರಿಯ ಗಲಭೆ, ಮಾರ್ಚ್ 12ರ ಸರಣಿ ಸ್ಫೋಟ: ಇವುಗಳ ನೆನಪಿನಲ್ಲಿ ಹೆಸರುಗಳಿರುತ್ತವೆ. ಯಾರು ಯಾರನ್ನು ಅಡಗಿಸಿದರು, ಯಾವ ಅಂಗಡಿಗೆ ಯಾರು ಬೆಂಕಿ ಇಟ್ಟರು ಎಂಬುದೆಲ್ಲ ಬರುತ್ತದೆ, ಆ ನೆರೆಹೊರೆಯವರು ಇನ್ನೂ ಅದೇ ಬೀದಿಯಲ್ಲಿದ್ದಾರೆ. ಇಲ್ಲಿ ವಿಡಿಯೋ ಬೇಡವೇ ಬೇಡ. ಧ್ವನಿಯೂ ಮನೆಯೊಳಗೇ ಇರಲಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದು ಸಂಜೆಗೆ ಊರಿಗೆಲ್ಲ ತಲುಪಿರುತ್ತದೆ. ಹೊರಗೆ ಕೊಡುವುದಾದರೆ ಹೆಸರು ತೆಗೆದ ಬರಹವನ್ನು ಹೇಳಿದವರಿಗೇ ಓದಿ ಹೇಳಿ, ಒಪ್ಪಿದ ಮೇಲೆ ಕೊಡಿ.

ಉಳಿದ ಘಟನೆಗಳಿಗೂ ಒಂದು ಚೀಟಿ ಬರೆಸಿಕೊಳ್ಳುವುದು ಒಳ್ಳೆಯದು: ಯಾರು ಹೇಳಿದರು, ಯಾರು ಕೇಳಿಸಿಕೊಂಡರು, ಯಾವ ದಿನ, ಎಲ್ಲಿ, ಯಾರು ಕೇಳಬಹುದು, ಈಗಲೋ ತಮ್ಮ ಕಾಲಾನಂತರವೋ. ಕೆಳಗೆ ಅವರ ಸಹಿ. ಕಡತಕ್ಕೆ "ಅಜ್ಜ ಹೊಸದು 2" ಎಂದು ಹೆಸರಿಡಬೇಡಿ. ವರ್ಷ, ಘಟನೆ, ಹೇಳಿದವರ ಹೆಸರು, ಮುದ್ರಿಸಿದ ದಿನ ಅದರಲ್ಲೇ ಇರಲಿ. ಒಂದು ಪ್ರತಿ ಫೋನಿನಲ್ಲಿ, ಒಂದು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಯಾರಾದರೂ ಸಂಬಂಧಿಕರ ಬಳಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ, ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿ ಇಂಥವನ್ನು ಇಟ್ಟುಕೊಳ್ಳುತ್ತಾರೆಯೇ ಎಂದು ಹೋಗಿ ಕೇಳಬಹುದು. ಹೋಗುವಾಗ ಪೆನ್‌ಡ್ರೈವ್ ಜೊತೆಗೆ ಆ ಚೀಟಿಯನ್ನೂ, ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂಬ ಅರ್ಧ ಪುಟವನ್ನೂ ಒಯ್ಯಿರಿ. ಅವಿಲ್ಲದ ಪೆನ್‌ಡ್ರೈವನ್ನು ತೆರೆದು ಕೇಳುವಷ್ಟು ಬಿಡುವು ಯಾರಿಗೂ ಇರುವುದಿಲ್ಲ.